ಅರ್ಧ ಗೇಣು ಮುಂದೆ ಬಂದ ಗೋಡೆ

ನೀರು ಚಿಮುಕಿಸಿದ ಕೆಮ್ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದರೆ ಒಂದು ವಾಸನೆ ಬರುತ್ತದೆ. ಮೂಗಿನೊಳಗೆ ತುಸು ಚುಚ್ಚುವ, ಆದರೂ ತಣ್ಣಗಿನ ವಾಸನೆ. ಕಳೆದ ಗುರುವಾರ ರಾಮಕೃಷ್ಣನಗರದಲ್ಲಿ ನನ್ನ ಹೊಸ ಬಾಡಿಗೆ ಮನೆಯ ಬೀಗದ ಕೈ ಇಸಿದುಕೊಳ್ಳಲು ಹೋದಾಗ ಪಕ್ಕದ ಖಾಲಿ ಸೈಟಿನಲ್ಲಿ ಪಾಯಕ್ಕೆ ಗೆರೆ ಹಾಕುತ್ತಿದ್ದರು. ಗೂಟ, ದಾರ, ಡಬ್ಬಿಯಲ್ಲಿ ಸುಣ್ಣ. ಬೀಗದ ಕೈ ಹಿಡಿದುಕೊಂಡು ಒಳಗೆ ಹೋಗುವುದು ಬಿಟ್ಟು ಅಲ್ಲೇ ನಿಂತುಬಿಟ್ಟೆ. ನೆನಪಾದದ್ದು ಒಬ್ಬ ಗಾರೆ ಮೇಸ್ತ್ರಿ.

ನೆನಪಾಯಿತು ಎಂದು ಬರೆದೆ. ಅದು ಪೂರ್ತಿ ನಿಜವಲ್ಲ. ಮನೆ ಬದಲಾಯಿಸಬೇಕೆಂದು ನಿಶ್ಚಯಿಸಿದ ದಿನದಿಂದಲೇ ಅವರು ತಲೆಯಲ್ಲಿ ಓಡಾಡಿಕೊಂಡಿದ್ದರು. ಸುಣ್ಣದ ವಾಸನೆ ಆಮೇಲೆ ಬಂದು ಸಾಕ್ಷಿ ಹೇಳಿತು.

ನನಗೀಗ ಅರವತ್ತಮೂರು. ಸರಸ್ವತಿಪುರಂನಲ್ಲಿ ಎರಡನೇ ಮಹಡಿಯ ಮನೆ. ಕೆಳಗೆ ಟ್ಯುಟೋರಿಯಲ್ಲು, ಮೆಟ್ಟಿಲ ಮೇಲೆಲ್ಲ ಹುಡುಗರ ಚಪ್ಪಲಿ. ಮೊದಮೊದಲು ಆ ಚಪ್ಪಲಿಗಳನ್ನು ದಾಟಿಕೊಂಡು ಹತ್ತುತ್ತಿದ್ದೆ, ಈಚೆಗೆ ಒಂದೊಂದು ಮೆಟ್ಟಿಲಿಗೂ ನಿಂತು ಅವುಗಳ ನಂಬರು ಓದುವಷ್ಟು ಪುರುಸೊತ್ತಾಗಿಬಿಟ್ಟಿತ್ತು. ಮಂಡಿ ಮಾತು ಕೇಳುತ್ತಿರಲಿಲ್ಲ. ಈ ಭಾನುವಾರ ನೆಲಮಟ್ಟದ ಮನೆಗೆ ಹೋಗುತ್ತಿದ್ದೇನೆ. ಈ ವಯಸ್ಸಿನಲ್ಲಿ ಹೊಸ ಮನೆಗೆ ಒಗ್ಗಿಕೊಳ್ಳುವ ಹೆದರಿಕೆಯಿತ್ತು. ಅದು ಹೇಗೆ ಕಡಿಮೆಯಾಯಿತು ಎಂಬುದನ್ನು ಹೇಳಬೇಕಾದರೆ ಊರಿನ ಇನ್ನೊಂದು ತುದಿಯ ಕೆಸರೆಗೆ ಹೋಗಬೇಕು.

ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಕೆಸರೆಯಲ್ಲಿದ್ದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಮೇಸ್ತ್ರಿಯವರದು ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ. ಅವರು ಕೆಲಸ ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು, ಆದರೆ ಕಿವಿಯ ಮೇಲೆ ಪೆನ್ಸಿಲಿನ ತುಂಡು ಸಿಕ್ಕಿಸಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಮಾತು ಕಡಿಮೆ, ಬೀಡಿ ಜಾಸ್ತಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗಿನತನಕ ನೋಡಿ, ಅದು ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆಯೇ ಕೂರುತ್ತಿದ್ದರು.

ಇಂಥವರ ಸ್ವಂತ ಮನೆ ಹೇಗಿತ್ತೆಂದರೆ, ಅಲ್ಲಿ ಒಂದು ನೆಲ ಇನ್ನೊಂದು ನೆಲಕ್ಕೆ ಸಮವಿರಲಿಲ್ಲ. ಬೇರೆಯವರ ಕೆಲಸ ಮುಗಿಸಿ ಬಂದು, ಉಳಿದ ಇಟ್ಟಿಗೆಯಲ್ಲಿ, ಉಳಿದ ದಿನಗಳಲ್ಲಿ, ಒಂದೊಂದೇ ಕೋಣೆ ಸೇರಿಸಿಕೊಂಡು ಕಟ್ಟಿದ ಮನೆ ಅದು. ಅಡುಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕು. ಬಚ್ಚಲಿಗೆ ಮೂರು ಹತ್ತಬೇಕು. ಮಲಗಬೇಕೆಂದರೆ ಹೊರಗಿನ ಕಡಿದಾದ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗಬೇಕು. ಅದರ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಎರಡು ಬೆರಳು ಎತ್ತರ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಳ್ಳಿಯಿಂದ ಬಂದ ಹೊಸದರಲ್ಲಿ ಇದೇ ಮೇಸ್ತ್ರಿಯ ಕೈಕೆಳಗೆ ಬಾಂಡ್ಲಿಯಲ್ಲಿ ಗಾರೆ ಹೊತ್ತವರು. ಅಲ್ಲೇ ಮದುವೆಯೂ ಆದದ್ದು. ಮದುವೆಯಾಗಿ ಮಗಳು ಹುಟ್ಟಿ ಆ ಮಗಳು ನರ್ಸ್ ಆದಮೇಲೂ ಗಂಡನನ್ನು ‘ಮೇಸ್ತ್ರಿ’ ಎಂದೇ ಕೂಗುತ್ತಿದ್ದರು. “ಊರೋರಿಗೆಲ್ಲ ಮಟ್ಟಸವಾಗಿ ಮನೆ ಕಟ್ಕೊಟ್ಟು, ನಂಗೆ ಬರೀ ಮೆಟ್ಲು ಕಟ್ಟವ್ರೆ ನೋಡವ್ವ” ಎಂದು ನನ್ನೆದುರಿಗೇ ಛೇಡಿಸುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಮಾತ್ರ ಗೊತ್ತಾಗುತ್ತಿತ್ತು. ಆದರೂ ಆ ಏರುತಗ್ಗಿನ ಮನೆಯಲ್ಲಿ ಸರಸರ ಓಡಾಡುತ್ತಿದ್ದರು. ಹೊಸಬರಿಗೆ ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ತಿಳಿಯುತ್ತಲೇ ಇರಲಿಲ್ಲ.

ಒಂದು ದಿನ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಬಿದ್ದದ್ದು ಹೇಗೆ ಎಂಬುದರಲ್ಲಿ ಎರಡು ಕಥೆಯಿದೆ. ನನಗೆ ನೆನಪಿರುವುದು ಹೀಗೆ: ಹೆಂಡತಿಗೆ ಅನುಕೂಲವಾಗಲೆಂದು ಮೇಸ್ತ್ರಿ ಆ ಕೊನೆಯ ಮೆಟ್ಟಿಲನ್ನು ಎರಡು ಬೆರಳು ಕೆತ್ತಿ, ಗಾರೆ ಮಾಡಿ, ಉಳಿದವುಗಳ ಸಮಕ್ಕೆ ತಂದರು. ಅಕ್ಕನ ಕಾಲು ಮಾತ್ರ ಹಳೆಯ ಎತ್ತರವನ್ನೇ ಹುಡುಕಿತು. ಸರಿಮಾಡಿದ ಮೆಟ್ಟಿಲೇ ಅವರನ್ನು ಬೀಳಿಸಿತು. ಮೊನ್ನೆ ಫೋನ್ ಮಾಡಿ ಕೇಳಿದರೆ ಮಗಳು, “ಅಯ್ಯೋ ಅದೆಲ್ಲ ಇಲ್ಲ ಆಂಟಿ, ಮೆಟ್ಲು ಒದ್ದೆಯಾಗಿತ್ತು ಅಷ್ಟೆ” ಎಂದಳು. ಇರಬಹುದು. ಆದರೆ ಬಿದ್ದ ಮಾರನೆಯ ದಿನದಿಂದ ಮೇಸ್ತ್ರಿ ಆ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುವುದನ್ನು ನಿಲ್ಲಿಸಿದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ… ಕಂಡಿದ್ದೇನೆ ಎಂದುಕೊಂಡಿದ್ದೇನೆ.

ರಾಮಕೃಷ್ಣನಗರದಲ್ಲಿದ್ದ ಮಗಳು ತನ್ನ ಮನೆಯಿಂದ ಮೂರು ಮನೆ ಆಚೆಗೆ ಒಂದು ಬಾಡಿಗೆ ಮನೆ ನೋಡಿದಳು. ನೆಲಮಟ್ಟದ ಮನೆ, ಹೊಸ್ತಿಲೂ ಇಲ್ಲ. ಅಕ್ಕ ಒಪ್ಪಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತು ನನಗೆ ಹೇಳಿದ ಮಾತು ಇದು:

“ಈ ಮನೆ ನನ್ ಕಾಲಿಗೆ ಗೊತ್ತದೆ ಕನವ್ವ. ಅಲ್ಲಿಗೋದ್ರೆ ಬಚ್ಚಲಿಗೂ ಒಬ್ರು ಕೈ ಇಡ್ಕಂಡು ಕರ್ಕೊಂಡೋಗ್ಬೇಕು. ಬಾಗ್ಲಾಚೆ ನಿಂತು ‘ಆಯ್ತಾ’ ಅಂತ ಕೇಳ್ಬೇಕು. ಅಂಗೆ ಬದುಕೋದೂ ಒಂದು ಬದುಕಾ?”

ಅವರಿಗೆ ಮನೆ ಬಿಡುವ ಸಂಕಟವಿರಲಿಲ್ಲ. ಆ ಮನೆಯನ್ನು ಅವರು ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ಭಯವಿದ್ದದ್ದು ಇದೊಂದೇ: ಬಚ್ಚಲಿಗೆ ತಾನೇ ಹೋಗಿಬರುವುದು ತಪ್ಪಿಹೋಗುತ್ತದೆ ಎಂದು.

ಮೇಸ್ತ್ರಿ ಮುಂದಿನ ಭಾನುವಾರ ಟೇಪು ಹಿಡಿದು ಸಿಟಿ ಬಸ್ಸು ಹತ್ತಿದರು. ಮಧ್ಯಾಹ್ನ ಬಂದವರ ಜೇಬಿನಲ್ಲಿ ಒಂದು ಚೀಟಿ, ಅದರ ತುಂಬ ಅಡಿ, ಇಂಚು. ಅವರ ಮನೆಯ ಇನ್ನೊಂದು ಪಕ್ಕದಲ್ಲಿ ಯಾರದೋ ಖಾಲಿ ಸೈಟಿತ್ತು. ಮೇಕೆ ಕಟ್ಟಲು, ಹುಡುಗರು ಕ್ರಿಕೆಟ್ ಆಡಲು ಬಳಕೆಯಾಗುತ್ತಿದ್ದದ್ದು. ಅಲ್ಲಿಯ ಗಿಡಗಂಟಿ ಕಿತ್ತು, ನೀರು ಚಿಮುಕಿಸಿ, ನನ್ನನ್ನು ಕರೆದರು. ಅವರು ನನ್ನನ್ನು ಕರೆಯುತ್ತಿದ್ದದ್ದು ಪೋಸ್ಟಮ್ಮ ಎಂದು.

“ಪೋಸ್ಟಮ್ಮ, ಈ ದಾರ ವಸಿ ಇಡ್ಕಳಿ. ಬಿಗಿಯಾಗಿ. ಸೀರೆ ಮಡಿಸೋರಂಗಲ್ಲ.”

ಹಿಡಿದೆ. ಮೂರು, ನಾಕು, ಐದು ಅಡಿ ಎಂದು ದಾರ ಅಳೆದು ಮೂಲೆ ಓರೆಯಾಗದಂತೆ ಕೂಡಿಸಿದರು. ಗೂಟ ಹೊಡೆದರು. ದಾರದ ಗುಂಟ ಡಬ್ಬಿಯಿಂದ ಸುಣ್ಣ ಉದುರಿಸುತ್ತಾ ಹೋದರು. ಸಂಜೆಯ ಹೊತ್ತಿಗೆ ರಾಮಕೃಷ್ಣನಗರದ ಆ ಮನೆ ಇದ್ದಷ್ಟೇ ದೊಡ್ಡದಾಗಿ ಕೆಸರೆಯ ಮಣ್ಣಿನ ಮೇಲೆ ಮಲಗಿತ್ತು. ಹಾಲ್, ಕೋಣೆ, ಅಡುಗೆಮನೆ, ಬಚ್ಚಲು. ಬಾಗಿಲಿದ್ದಲ್ಲಿ ಗೆರೆ ಇಲ್ಲ.

“ಬಾ ಅಮ್ಮಿ” ಎಂದು ಹೆಂಡತಿಯನ್ನು ಕರೆತಂದರು. “ಇದು ತಲೆಬಾಗ್ಲು. ಹೊಸ್ಲಿಲ್ಲ.”

“ಹೊಸ್ಲಿಲ್ದ ಮನೆ ಎಂಥಾ ಮನೆ ಮೇಸ್ತ್ರಿ?”

“ಎಡವದೇ ಇರೋ ಮನೆ. ನಡಿ, ಎಣಿಸ್ಕಂಡು ನಡಿ.”

ಅಕ್ಕ ಮೊದಲು ನಗಾಡಿದರು, ಆಮೇಲೆ ನಡೆದರು. ಅವರಿಗೆ ಗೆರೆ ಕಾಣುವುದಿಲ್ಲವಲ್ಲ, ಹಾಗಾಗಿ ಮೇಸ್ತ್ರಿ ಓಡಿಹೋಗಿ ಎದುರಿನ ಗೆರೆಯ ಮೇಲೆ ನಿಂತರು. ಐದು, ಆರು, ಏಳು… ಚಾಚಿದ ಕೈ ಗಂಡನ ಎದೆಗೆ ತಾಗಿತು.

“ಇದೇನು?”

“ಗೋಡೆ.”

“ಗೋಡೆ ಬೀಡಿ ವಾಸ್ನೆ ಒಡೀತದಲ್ಲ!”

ಎಷ್ಟು ದಿನ ಹೀಗೆ ನಡೆಯಿತು? ನನ್ನ ಲೆಕ್ಕದಲ್ಲಿ ಒಂದು ತಿಂಗಳು. ಮಗಳ ಲೆಕ್ಕದಲ್ಲಿ ಒಂದು ವಾರ. ಮೇಕೆಗಳು ತುಳಿದು ಅಳಿಸಿದ್ದನ್ನು ಬೆಳಗ್ಗೆ ಮೇಸ್ತ್ರಿ ಮತ್ತೆ ಎಳೆಯುತ್ತಿದ್ದರು. ಕೆಲಸಕ್ಕೆ ಹೊರಟ ನನಗೆ ಅಕ್ಕನ ದನಿ ಕೇಳುತ್ತಿತ್ತು: “ನಾಕು, ಐದು, ಬಲಕ್ಕೆ, ಒಂದು, ಎರಡು…” ಬೀದಿಯವರಿಗೆ ತಮಾಷೆ. “ಏನ್ ಮೇಸ್ತ್ರಿ, ಮನೆ ಕಟ್ಟಿದ್ರಿ ಗೋಡೆ ಮರ್ತ್ಬುಟ್ರಾ?” ಎಂದು ಒಬ್ಬರು. “ಗೃಹಪ್ರವೇಶಕ್ಕೆ ಕರೀರಪ್ಪ” ಎಂದು ಇನ್ನೊಬ್ಬರು. ಮೇಸ್ತ್ರಿ ತಲೆ ಎತ್ತುತ್ತಿರಲಿಲ್ಲ.

ಯಾರೋ ಸೈಟಿನ ಯಜಮಾನರಿಗೆ ಸುದ್ದಿ ಮುಟ್ಟಿಸಿದರು, ನಿಮ್ಮ ಜಾಗದಲ್ಲಿ ಮೇಸ್ತ್ರಿ ಪಾಯ ಹಾಕುತ್ತಿದ್ದಾರೆ ಎಂದು. ಆತ ಸ್ಕೂಟರಿನಲ್ಲಿ ಬಂದು, ಇಳಿಯುವ ಮೊದಲೇ ಕೂಗಿದರು:

“ಏನ್ರೀ ಮೇಸ್ತ್ರಿ, ಯಾರನ್ ಕೇಳಿ ಮಾರ್ಕಿಂಗ್ ಮಾಡಿದ್ರಿ? ವಯಸ್ಸಾದೋರು ಅಂತ ಮರ್ಯಾದೆ ಕೊಟ್ರೆ ಸೈಟೇ ನುಂಗ್ಬುಡ್ತೀರಾ?”

ಮೇಸ್ತ್ರಿ ಗೋಡೆಯಾಗಿ ನಿಂತಿದ್ದರು, ಅಲ್ಲಾಡುವಂತಿರಲಿಲ್ಲ. ಬಾಯಿಗೆ ಬೆರಳಿಟ್ಟು, “ಸುಮ್ಕಿರಿ ಸಾ, ಲೆಕ್ಕ ತಪ್ತದೆ” ಎಂದರು.

ಅಕ್ಕ ಕೋಣೆಯ ನಡುವೆ ನಿಂತು ದನಿ ಬಂದ ಕಡೆಗೆ ಮುಖ ಮಾಡಿದರು. “ಯಾರದು, ಗೋಡೆ ಆಚೆ ನಿಂತು ಕೂಗಾಡೋರು? ಬಾಗ್ಲಿಂದ ಬರಕ್ಕೇಳಿ ಮೇಸ್ತ್ರಿ.”

ಆ ಮನುಷ್ಯ, ಮುಟ್ಟಿದರೆ ಅಳಿಸಿಹೋಗುವ ಗೆರೆಗಳನ್ನೂ ಅದರೊಳಗಿನ ಈ ಹೆಂಗಸನ್ನೂ ಒಂದೆರಡು ಗಳಿಗೆ ನೋಡಿದರು. ಆಮೇಲೆ ಗೆರೆ ದಾಟಲಿಲ್ಲ. ಸುತ್ತಿ ಬಂದು, ಗೆರೆಯಿಲ್ಲದ ಜಾಗದಿಂದ, ಬಾಗಿಲಿನಿಂದ, ಒಳಗೆ ಬಂದರು. ಚಪ್ಪಲಿ ಬಿಟ್ಟು ಬಂದರು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಆಣೆ ಮಾಡಲಾರೆ. ಬಾಗಿಲಿನಿಂದ ಬಂದದ್ದು ಮಾತ್ರ ನಿಜ. ಎಲ್ಲವನ್ನೂ ಕೇಳಿಸಿಕೊಂಡು, “ಅಡುಗೆಮನೆ ವಸಿ ಚಿಕ್ದಾಯ್ತು ಕಣಮ್ಮ” ಎಂದು ಹೇಳಿ ಹೋದರು.

ಮನೆ ಬದಲಾಯಿಸಿದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರೂ ಮನೆ ಬಿಡುವುದಿಲ್ಲವಾದ್ದರಿಂದ ಲಗೇಜ್ ಆಟೊ ಕೇಳಿದ ಕೂಡಲೇ ಸಿಕ್ಕಿತು. ಅವರಿಗೆ ಆಷಾಢದ ಲೆಕ್ಕವಿರಲಿಲ್ಲ, ಮನೆಯಲ್ಲಿ ದೇವರ ಪಟದ ಬದಲು ಇದ್ದದ್ದು ಬುದ್ಧನ ಪಟವೊಂದೇ. ರಾಹುಕಾಲ, ವಾಸ್ತು ಎಂದರೆ ಮೇಸ್ತ್ರಿಗೆ ಸಿಟ್ಟು, ಇಡೀ ಜೀವಮಾನ ಇನ್ನೊಬ್ಬರ ವಾಸ್ತುವಿಗೆ ಕಟ್ಟಿದ ಗೋಡೆ ಒಡೆದು ಕಟ್ಟಿದವರಲ್ಲವೇ. ಆದರೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಲೇಬೇಕೆಂದು ಅಕ್ಕ ಹಟ ಹಿಡಿದಿದ್ದರು. ಅದೆಲ್ಲ ನಮಗ್ಯಾಕೆ ಎಂದು ಮೇಸ್ತ್ರಿ ಗೊಣಗಿದರೆ, “ಸುಜಾತ ಪಾಯ್ಸ ಕೊಟ್ಟಾಗ ಬುದ್ಧರು ಬ್ಯಾಡ ಅಂದ್ರಾ? ಹಾಲಿಲ್ದೆ ಪಾಯ್ಸ ಆಯ್ತದಾ?” ಎಂದು ಬಾಯಿ ಮುಚ್ಚಿಸಿದರು.

ನಾನೂ ಒಂದು ದಿನ ರಜೆ ಹಾಕಿ ಜೊತೆಗೆ ಹೋದೆ. ಸಾಮಾನು ಇಳಿಯಿತು. ಮಗಳು ಒಲೆ ಹೊತ್ತಿಸಿ ಹಾಲಿಟ್ಟಳು. ಅಕ್ಕ ತಲೆಬಾಗಿಲಲ್ಲಿ ನಿಂತು, ಯಾರೂ ಮುಟ್ಟಬೇಡಿ ಎಂದು ಕೈಯಲ್ಲೇ ಹೇಳಿ, ಎಣಿಸುತ್ತಾ ಒಳಗೆ ಹೊರಟರು. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರು. ಇಲ್ಲಿ ಅವರು ಗೋಡೆಯಾಗುವ ಅಗತ್ಯವಿರಲಿಲ್ಲ, ನಿಜವಾದ ಗೋಡೆಯೇ ಇತ್ತು. ಒಂದು, ಎರಡು, ಮೂರು… ಆ ದಿನಗಳಲ್ಲಿ ಅವರ ನಡಿಗೆ ಎಷ್ಟು ಖಚಿತವಾಗಿತ್ತೆಂದರೆ ಕೈ ಚಾಚುವುದನ್ನೂ ಕೊನೆಯ ಹೆಜ್ಜೆಗೇ ಇಟ್ಟುಕೊಂಡಿದ್ದರು. ಆ ಕೊನೆಯ ಹೆಜ್ಜೆಗೆ ಮೊದಲೇ ಹಣೆ ಗೋಡೆಗೆ ಟಪ್ಪೆಂದು ತಾಗಿತು.

ಮಗಳು ಅಡುಗೆಮನೆಯಿಂದ ಓಡಿ ಬಂದಳು. ಅಕ್ಕ ಹಣೆ ಹಿಡಿದುಕೊಂಡು ಅಲ್ಲೇ ನಿಂತರು. ನನಗೆ ಅನಿಸಿದ್ದು, ಆಯಿತು, ಇನ್ನು ಇವರು ಕೆಸರೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ, ಇಲ್ಲವೇ ಕೈ ಹಿಡಿಸಿಕೊಂಡು ಓಡಾಡುವವರಾಗುತ್ತಾರೆ. ಮೇಸ್ತ್ರಿಯ ಮುಖ ನೋಡಲಾಗಲಿಲ್ಲ. ಮೊದಲು ಮೆಟ್ಟಿಲು, ಈಗ ಇದು. ಜೇಬಿನಿಂದ ಚೀಟಿ ತೆಗೆದರು, ಓದಿದರು, ಗೋಡೆ ನೋಡಿದರು. “ಅಳತೆ ಸರಿಯಾಗೇ ಅದೆ” ಎಂದರು. ಅದು ಅವರ ದನಿಯಂತಿರಲಿಲ್ಲ.

ಅಕ್ಕ ಗೋಡೆ ತಡವಿದರು. ಬಾಗಿಲಿನ ತನಕ ತಡವುತ್ತಾ ಹೋಗಿ, ಅಲ್ಲಿ ಗೋಡೆಯ ದಪ್ಪವನ್ನು ಗೇಣು ಹಾಕಿ ನೋಡಿದರು. ಸರಿಯಾಗಿ ಒಂದು ಗೇಣು. ಆಮೇಲೆ ನಗಲು ಶುರುಮಾಡಿದರು. ಹಣೆ ಕೆಂಪಾಗಿತ್ತು, ಮುರಿದು ಕೂಡಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಗುತ್ತಿದ್ದರು.

“ಮೇಸ್ತ್ರಿ! ಸೆಂಟರ್ ಲೈನ್ ಮೇಲೆ ನಿಂತಿದ್ರಾ?”

ಮೇಸ್ತ್ರಿ ಹಣೆ ಚಚ್ಚಿಕೊಂಡು ಅಲ್ಲೇ ಕುಕ್ಕರುಬಡಿದರು.

ನನಗೆ ಅರ್ಥವಾಗಲಿಲ್ಲ. ಅಕ್ಕನೇ ಹೇಳಿದರು, ಬಾಂಡ್ಲಿ ಹೊತ್ತ ಕಾಲದಲ್ಲಿ ನೂರು ಪಾಯ ನೋಡಿದ್ದವರು. ಪಾಯಕ್ಕೆ ಗೆರೆ ಹಾಕುವಾಗ ಮೇಸ್ತ್ರಿಗಳು ಗೋಡೆಯ ಒಳಮೈಗೆ ಹಾಕುವುದಿಲ್ಲ, ಗೋಡೆ ಬರುವ ಜಾಗದ ನಟ್ಟನಡುವೆ ಹಾಕುತ್ತಾರೆ. ಗೋಡೆ ಆ ಗೆರೆಯ ಎರಡೂ ಕಡೆಗೆ ಅರ್ಧರ್ಧ ಚಾಚಿಕೊಂಡು ಮೇಲೇಳುತ್ತದೆ. ಮೇಸ್ತ್ರಿ ಮನೆಯೊಳಗಿನ ಅಳತೆಯನ್ನು ಸರಿಯಾಗಿಯೇ ಬರೆದುಕೊಂಡು ಬಂದಿದ್ದರು. ಆದರೆ ದಾರ ಹಿಡಿದ ಕೂಡಲೇ ನಲವತ್ತು ವರ್ಷ ಪಾಯ ಹಾಕಿದ ಕೈ ತನ್ನಷ್ಟಕ್ಕೆ ತಾನೇ ಅರ್ಧ ಗೋಡೆಯ ದಪ್ಪವನ್ನು ಸೇರಿಸಿಕೊಂಡಿತ್ತು. ಯಾರಿಗೂ ಕಟ್ಟಬೇಕಿಲ್ಲದ ಮನೆಗೂ ಪಾಯ ಹಾಕಿಬಿಟ್ಟಿದ್ದರು. ಅಕ್ಕ ಅಷ್ಟು ದಿನ ಅಭ್ಯಾಸ ಮಾಡಿದ ಮನೆ ಎಲ್ಲ ಕಡೆಗೂ ಅರ್ಧ ಗೇಣು ದೊಡ್ಡದಾಗಿತ್ತು.

“ಎಲ್ಲಾ ಕಡೆಗೂ ಅರ್ಧ ಗೇಣು ಕಳೀಬೇಕು, ಅಷ್ಟೇ ತಾನೆ? ಬುಡಿ ಅತ್ಲಾಗೆ” ಎಂದು ಅಕ್ಕ ತಲೆಬಾಗಿಲಿಗೆ ವಾಪಸು ಹೋದರು. ಮತ್ತೆ ಎಣಿಸಿದರು. ಈ ಸಲ ಕೈ ಮುಂದಿತ್ತು. ಗೋಡೆ ಬಂತು, ಮುಟ್ಟಿದರು, ಬಲಕ್ಕೆ ತಿರುಗಿದರು. ಕೋಣೆಯ ಬಾಗಿಲು ದಾಟಿದರು. ಬಚ್ಚಲ ಬಾಗಿಲು ತಳ್ಳಿದರು. ಒಳಗೆ ಹೋದರು. ಚಿಲಕ ಹಾಕಿಕೊಂಡ ಸದ್ದಾಯಿತು.

ಹೊರಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು. ‘ಆಯ್ತಾ’ ಎಂದು ಕೇಳಬೇಕೆಂದು ಮಗಳು ಬಾಯಿ ತೆರೆದಳು, ಮೇಸ್ತ್ರಿ ಅವಳ ತೋಳು ಹಿಡಿದು ತಡೆದರು. ಆಮೇಲೆ ಒಳಗೆ ಚೊಂಬಿನಿಂದ ನೀರು ಸುರಿದ ಸದ್ದು ಕೇಳಿಸಿತು. ಮೇಸ್ತ್ರಿ ಗೋಡೆಗೆ ಒರಗಿದರು. ಅಡುಗೆಮನೆಯಿಂದ ಸೀದ ವಾಸನೆ ಬಂತು. ನೋಡಿಕೊಳ್ಳುವವರಿಲ್ಲದೆ ಹಾಲು ಉಕ್ಕಿ, ಒಲೆಯೆಲ್ಲ ಹರಿದು, ಉರಿ ಆರಿಹೋಗಿತ್ತು.

“ಉಕ್ತಾ?” ಎಂದು ಬಚ್ಚಲೊಳಗಿನಿಂದಲೇ ಕೇಳಿದರು ಅಕ್ಕ.

“ಉಕ್ತು ಕನಮ್ಮಿ. ಚೆನ್ನಾಗೇ ಉಕ್ತು.”

ಅದಾದ ಮೇಲೆ ನನಗೆ ವರ್ಗವಾಯಿತು, ಸರಸ್ವತಿಪುರಂಗೆ ಬಂದೆ. ಎರಡು ವರ್ಷಕ್ಕೋ ಮೂರಕ್ಕೋ ಮೇಸ್ತ್ರಿ ತೀರಿಹೋದರು. ಹೋದ ದಿನ ನನಗೆ ತಿಳಿಯಲಿಲ್ಲ, ತಿಳಿದು ಅಕ್ಕನನ್ನು ನೋಡಲು ಹೋಗುವ ಹೊತ್ತಿಗೆ ಹದಿನೈದು ದಿನ ಕಳೆದಿತ್ತು. ಮಗಳು ತನ್ನ ಮನೆಗೆ ಕರೆದರೂ ಅಕ್ಕ ಹೋಗಿರಲಿಲ್ಲ. ಬಾಗಿಲು ತಾವೇ ತೆಗೆದರು, ದನಿ ಗುರುತಿಸಿ “ಪೋಸ್ಟಮ್ಮ” ಎಂದರು, ಟೀ ಮಾಡುತ್ತೇನೆಂದು ಒಳಗೆ ನಡೆದರು. ನಾನು ಹಿಂದೆ ಹೋಗಲಿಲ್ಲ, ಕೂತು ನೋಡಿದೆ. ಗೋಡೆಯ ಹತ್ತಿರ ಬಂದಾಗ ಅವರ ಕೈ ಮುಂದಕ್ಕೆ ಬಂತು, ತಾಗಿತು, ಅಲ್ಲಿ ಒಂದು ಗಳಿಗೆ ನಿಂತಿತು. ಎರಡು ಮೂರು ವರ್ಷ ಆ ಮನೆಯಲ್ಲಿ ಓಡಾಡಿದವರಿಗೆ ಆ ಗೋಡೆ ಮುಟ್ಟಿ ತಿಳಿಯಬೇಕಾದ್ದೇನೂ ಇರಲಿಲ್ಲ.

“ಈವತ್ತಿಗೂ ಮೇಸ್ತ್ರಿ ಲೆಕ್ಕದಲ್ಲೇ ಎಣಿಸ್ತೀನಿ ಕನವ್ವ” ಎಂದರು. “ಎಣಿಸ್ಕಂಡು, ಆಮೇಲೆ ಅರ್ಧ ಗೇಣು ಕಳೀತೀನಿ.”

ಹೊಸದಾಗಿ ಸರಿಯಾದ ಲೆಕ್ಕ ಕಲಿಯಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ.

ಅಕ್ಕ ಹೋಗಿ ಈಗ ಒಂದು ವರ್ಷ. ಕೊನೆಯ ದಿನದ ಬೆಳಗ್ಗೆಯೂ ಬಚ್ಚಲಿಗೆ ತಾವೇ ಹೋಗಿಬಂದರಂತೆ. ಮೊನ್ನೆ ಫೋನಿನಲ್ಲಿ ಇದನ್ನು ಹೇಳುವಾಗ ಮಗಳು ಅಳಲಿಲ್ಲ. ಪರೀಕ್ಷೆಯಲ್ಲಿ ಪಾಸಾದವರ ಸುದ್ದಿ ಹೇಳುವ ಹಾಗೆ ಹೇಳಿದಳು.

ನನ್ನ ನೆನಪೂ ಆ ಸುಣ್ಣದ ಗೆರೆಯಂತೆ ಎಲ್ಲ ಕಡೆಗೂ ಅರ್ಧ ಗೇಣು ದೊಡ್ಡದಿರಬೇಕು ಎಂದು ಬರೆದು ಮುಗಿಸಬಹುದಿತ್ತು. ಆ ಮಾತು ತುಂಬ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನಡೆದದ್ದನ್ನಷ್ಟೇ ಹೇಳುತ್ತೇನೆ. ಗುರುವಾರ ಪಕ್ಕದ ಸೈಟಿನವರು ಗೆರೆ ಹಾಕಿ ಮುಗಿಸಿ ಹೋದ ಮೇಲೆ ನಾನು ಬೀಗ ತೆಗೆದು ನನ್ನ ಖಾಲಿ ಮನೆಯೊಳಗೆ ಹೋದೆ. ಇದು ಅಕ್ಕ ಇದ್ದ ಮನೆಯಲ್ಲ, ಆದರೆ ಇಲ್ಲೂ ಮೆಟ್ಟಿಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದೆ. ನನಗಿನ್ನೂ ಕಣ್ಣು ಕಾಣುತ್ತದೆ, ಆದರೂ ಒಮ್ಮೆ ನೋಡೋಣ ಎಂದು. ಒಂದು, ಎರಡು, ಮೂರು… ಮಂಡಿ ನೋಯಲಿಲ್ಲ. ಎಂಟನೆಯ ಹೆಜ್ಜೆಗೆ ಚಾಚಿದ ಕೈ ತಣ್ಣಗಿನ ಗೋಡೆಗೆ ತಾಗಿತು. ಹತ್ತಿರಕ್ಕೆ ಹೋಗಿ ಮೂಸಿದೆ. ಹೊಸ ಬಣ್ಣದ ವಾಸನೆ, ಅಷ್ಟೇ.